ಅಪ್ಪೆಮಿಡಿ ಲೇಬಲ್ಲಿಗೆ ಮೂರು ಓರೆ ದಪ್ಪಕ್ಷರಗಳು

ಸಾಗರದ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಗೆ ಶಿವಮೊಗ್ಗದಲ್ಲಿ ಲೇಬಲ್ ಮಾಡಿಕೊಡುವ ಕೆಲಸ. ಕನ್ನಡದ ಹೆಸರಿನ ಕೆಳಗೆ ಅದೇ ಹೆಸರು ಇಂಗ್ಲಿಷಿನಲ್ಲೂ ಬೇಕಿತ್ತು: ದಪ್ಪಗೆ, ಓರೆಯಾಗಿ, ತುದಿಗಳಲ್ಲಿ ಗಟ್ಟಿ ಪಟ್ಟಿಯಿರುವ ಸ್ಲ್ಯಾಬ್ ಸೆರಿಫ್ ಅಕ್ಷರದಲ್ಲಿ. ರೋಬೋಟೊ ಸ್ಲ್ಯಾಬ್, ರಾಕ್‌ವೆಲ್, ಝಿಲ್ಲಾ ಸ್ಲ್ಯಾಬ್ ಎಂಬ ಮೂರು ಫಾಂಟುಗಳನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ನೋಡಿದೆ.

ರೋಬೋಟೊ ಸ್ಲ್ಯಾಬ್ ಮೊದಲು ಬಿದ್ದುಹೋಯಿತು. ಅದರಲ್ಲಿ ಇಟಾಲಿಕ್, ಅಂದರೆ ವಿನ್ಯಾಸಕರೇ ಮಾಡಿಕೊಟ್ಟ ಓರೆ ರೂಪ, ಇಲ್ಲ. ಗುಂಡಿ ಒತ್ತಿದರೆ ತಂತ್ರಾಂಶವು ನೇರ ಅಕ್ಷರವನ್ನೇ ಪಕ್ಕಕ್ಕೆ ವಾಲಿಸಿ ಕೊಡುತ್ತದೆ. ಹಾಗೆ ವಾಲಿಸಿದಾಗ ಪಿ, ಇ, ಡಿ ಅಕ್ಷರಗಳ ಗುಂಡು ಭಾಗ ಬಲಗಡೆ ಮೇಲೂ ಎಡಗಡೆ ಕೆಳಗೂ ಉಬ್ಬುತ್ತದೆ, ಉಳಿದೆರಡು ಮೂಲೆಗಳಲ್ಲಿ ಸೊರಗುತ್ತದೆ. ತೆಳು ಅಕ್ಷರದಲ್ಲಿ ಇದು ಮರೆಯಾದೀತು, ಬೋಲ್ಡ್‌ನಲ್ಲಿ ಕಣ್ಣಿಗೆ ಚುಚ್ಚುತ್ತದೆ. ಇಂತಹ ಅಕ್ಷರವನ್ನು ಅಚ್ಚಿಗೆ ಕಳಿಸಲೇಬಾರದು ಎಂಬುದು ನನ್ನ ಹಟ.

ರಾಕ್‌ವೆಲ್ 1934ರಲ್ಲಿ ಮೊನೊಟೈಪ್ ಕಂಪನಿ ತಂದದ್ದು. ಅದರ ಇಟಾಲಿಕ್ ಕೂಡ ಬಹುಮಟ್ಟಿಗೆ ನೇರ ರೂಪದ ಓರೆಯೇ, ಆದರೂ ವಕ್ರಗಳು ಕೆಟ್ಟಿಲ್ಲ. ದೊಡ್ಡದಾಗಿ ಇಟ್ಟರೆ ಅದರ ಠೀವಿಗೆ ಸಾಟಿಯಿಲ್ಲ. ತೊಂದರೆ ಬಂದದ್ದು ಚಿಕ್ಕ ಅಳತೆಯಲ್ಲಿ. ಸ್ಲ್ಯಾಬ್‌ನ ನಿಜವಾದ ಪರೀಕ್ಷೆ ಇಂಗ್ಲಿಷಿನ ಚಿಕ್ಕ ಎಂ ಅಕ್ಷರ: ಮೂರು ಕಾಲು, ಮೂರಕ್ಕೂ ಪಾದದ ಪಟ್ಟಿ. ಹೊಳಪಿಲ್ಲದ ಕಾಗದ ಶಾಯಿ ಹೀರುತ್ತದೆ, ಅಂಚು ಹರಡುತ್ತದೆ. ಬೋಲ್ಡ್‌ನಲ್ಲಿ ಮೊದಲೇ ಒತ್ತೊತ್ತಾಗಿರುವ ಪಾದಗಳು ಕೂಡಿಕೊಂಡು ಒಂದೇ ಗೆರೆಯಾದವು. ಇನ್ನೊಂದು ಕಿರಿಕಿರಿಯೂ ಇತ್ತು. ರಾಕ್‌ವೆಲ್‌ನ ದೊಡ್ಡ ಎ ಅಕ್ಷರಕ್ಕೆ ನೆತ್ತಿಯ ಮೇಲೂ ಒಂದು ಪಟ್ಟಿಯಿದೆ. ಇಂಗ್ಲಿಷ್ ಸಾಲನ್ನು ಕಿರಿದು ಮಾಡಿ ನಡುವಿಗೆ ತಂದಾಗ ಮೇಲಿನ ‘ಪ್ಪೆ’ಯ ಒತ್ತು ಇಳಿದು ನೇರ ಆ ಪಟ್ಟಿಗೆ ತಾಗಿತು. ಒತ್ತಕ್ಷರವಿರುವ ಹೆಸರುಗಳಿಗೆ ಸಾಲುಗಳ ನಡುವೆ ಧಾರಾಳ ಜಾಗ ಬೇಕು, ಬಾಟಲಿಯ ಲೇಬಲ್ಲಿನಲ್ಲಿ ಅದು ಸಿಗುವುದಿಲ್ಲ.

ಝಿಲ್ಲಾ ಸ್ಲ್ಯಾಬ್ ಇಲ್ಲಿ ಗೆದ್ದಿತು. ಫೈರ್‌ಫಾಕ್ಸ್ ಬ್ರೌಸರಿನ ಮೊಝಿಲ್ಲಾ ಸಂಸ್ಥೆಗಾಗಿ ಟೈಪೊಥೆಕ್ ಎಂಬ ಫಾಂಟ್ ಕಂಪನಿ ರೂಪಿಸಿದ ಇದು 2017ರಲ್ಲಿ ಬಂತು. ಮುಕ್ತ ಪರವಾನಗಿ ಇರುವುದರಿಂದ ಅಚ್ಚಿನವರಿಗೆ ಫಾಂಟ್ ಕಡತವನ್ನೂ ನಿರಾತಂಕವಾಗಿ ಕೊಡಬಹುದು. ಇದರ ಇಟಾಲಿಕ್ ವಾಲಿಸಿದ್ದಲ್ಲ, ಬೇರೆಯಾಗಿಯೇ ಬರೆದದ್ದು. ಎಂ ಅಕ್ಷರದ ಕಾಲುಗಳ ನಡುವೆ ಬಿಳುಪು ಉಳಿಯಿತು, ಕೈಬರಹದ ಓಟವೂ ಸ್ವಲ್ಪ ಸಿಕ್ಕಿತು. ಠೀವಿಯಲ್ಲಿ ಮಾತ್ರ ರಾಕ್‌ವೆಲ್‌ಗಿಂತ ಒಂದು ಕೈ ಕಡಿಮೆ. ಆದ್ದರಿಂದ ಜಾತ್ರೆಯ ಮಳಿಗೆಯ ಫ್ಲೆಕ್ಸಿಗೆ ರಾಕ್‌ವೆಲ್ ಬೋಲ್ಡ್ ಇಟಾಲಿಕ್ಕನ್ನೇ ಇಟ್ಟುಕೊಂಡೆ.

ಕನ್ನಡವನ್ನೂ ಓರೆ ಮಾಡಿ ಎಂಬ ಬೇಡಿಕೆ ಬಂತು. ಒಪ್ಪಲಿಲ್ಲ. ನಮ್ಮ ಅಕ್ಷರಗಳಲ್ಲಿ ಗುಂಡುಗಳೇ ಹೆಚ್ಚು, ತಂತ್ರಾಂಶ ವಾಲಿಸಿದರೆ ಪ್ರತಿಯೊಂದೂ ಕೆಡುತ್ತದೆ. ಕನ್ನಡದ ಹೆಸರಿಗೆ ಬಳಸಿದ ನೋಟೊ ಸೆರಿಫ್ ಕನ್ನಡ ಫಾಂಟನ್ನು ನೇರವಾಗಿಯೇ ಬಿಟ್ಟೆ. ಅದರ ಬೋಲ್ಡ್ ಪಕ್ಕದಲ್ಲಿ ಝಿಲ್ಲಾ ಬಡವಾಗಿ ಕಂಡಿತು, ಕನ್ನಡವನ್ನು ಒಂದು ಹಂತ ತೆಳುವಾದ ಸೆಮಿಬೋಲ್ಡ್‌ಗೆ ಇಳಿಸಿದ ಮೇಲೆ ಎರಡು ಸಾಲುಗಳ ಕಪ್ಪು ಸರಿಹೊಂದಿತು.