ಗೇಟಿನ ಆಚೆಯ ಪಿಜ್ಜಾ, ಗೇಟಿನ ಈಚೆಯ ಪಿಜ್ಜಾ

ಬೆಳಗಾವಿಯಲ್ಲಿ ಯಾರ ಪಿಜ್ಜಾ ಚೆನ್ನ ಎಂದು ಕೇಳಿದರೆ ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅನಗೋಳದ ಒಳಓಣಿಯ ಒಂದು ಪುಟ್ಟ ಅಂಗಡಿಗೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಕೂಡ್ರಲು ಮೂರ್ನಾಲ್ಕು ಸ್ಟೂಲು, ಒಂದು ಗ್ಯಾಸಿನ ಓವನ್, ಗೋಡೆಗೆ ಕೈಬರಹದ ರೇಟ್ ಬೋರ್ಡು. ಹೆಸರು ಬರೆಯುವುದಿಲ್ಲ. ಈಗಲೇ ಶನಿವಾರ ಸಂಜೆ ಅಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ, ಇನ್ನೂ ನಾಲ್ಕು ಮಂದಿಯನ್ನು ನಾನೇ ಕಳಿಸಿ ಕ್ಯೂ ಹೆಚ್ಚಿಸಿಕೊಳ್ಳಲೇ?

ಬೆಳಗಾವಿಯಲ್ಲಿ ಪಿಜ್ಜಾಕ್ಕೇನೂ ಬರವಿಲ್ಲ. ಆದರೆ ನಮ್ಮ ಹಾಗೆ ಹಿಂದವಾಡಿ, ಭಾಗ್ಯನಗರ, ಅನಗೋಳದ ಕಡೆ ಮನೆ ಮಾಡಿಕೊಂಡವರಿಗೆ ಯಾರು ಚೆನ್ನಾಗಿ ಮಾಡುತ್ತಾರೆ ಅನ್ನುವುದು ಎರಡನೇ ಮಾತು. ಮಾಡಿದ್ದು ಮನೆ ಮುಟ್ಟುವ ಹೊತ್ತಿಗೆ ಹೇಗಿರುತ್ತದೆ ಅನ್ನುವುದೇ ಮೊದಲ ಮಾತು. ಹೋಲಿಸಲು ಎಲ್ಲ ಕಡೆಯೂ ಸಾದಾ ಮಾರ್ಗರಿಟಾವನ್ನೇ ತಿಂದೆ. ಬರೀ ಟೊಮೆಟೊ, ಚೀಸ್, ಬೇಸ್. ಮೇಲೆ ಪನೀರು, ಜೋಳ, ಮೆಣಸಿನಕಾಯಿ ಬಿದ್ದರೆ ಕೆಳಗಿನ ತಪ್ಪೆಲ್ಲ ಮುಚ್ಚಿಹೋಗುತ್ತದೆ.

ದೊಡ್ಡ ಕಂಪನಿಯ ಪಿಜ್ಜಾದ ರುಚಿಯ ಬಗ್ಗೆ ಹೇಳಲು ಹೆಚ್ಚಿಲ್ಲ. 1996ರಲ್ಲಿ ಹೊರದೇಶದ ಪಿಜ್ಜಾ ಕಂಪನಿಗಳು ನಮ್ಮ ದೇಶಕ್ಕೆ ಕಾಲಿಟ್ಟವು, ಆಮೇಲೆ ಹುಟ್ಟಿದ ಮಕ್ಕಳಿಗೆಲ್ಲ ಪಿಜ್ಜಾ ಎಂದರೆ ಅದೇ ರುಚಿ. ಹುಬ್ಬಳ್ಳಿಯಲ್ಲಿ ತಿಂದರೂ ಅದೇ, ಬೆಂಗಳೂರಲ್ಲಿ ತಿಂದರೂ ಅದೇ. ಅಂಗಡಿಗೆ ಹೋಗಿ ಓವನ್ನಿನಿಂದ ತೆಗೆದ ಕೂಡಲೇ ತಿಂದರೆ ದೂರುವಂಥದ್ದೇನಿಲ್ಲ. ನನ್ನ ತಕರಾರು ಇರುವುದು ರೈಲ್ವೆ ಗೇಟಿನ ಹತ್ತಿರ.

ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಂಗ್ರೆಸ್ ರಸ್ತೆ ಕಡೆಯಿಂದ ಟಿಳಕವಾಡಿ ಒಳಗೆ, ಅಂದರೆ ನಮ್ಮ ಮನೆಗಳ ಕಡೆಗೆ ಬರಬೇಕೆಂದರೆ ಮೊದಲನೇ ಗೇಟೋ ಎರಡನೇ ಗೇಟೋ ದಾಟಬೇಕು. ಮೂರನೇ ಗೇಟಿಗೆ ಮೇಲ್ಸೇತುವೆ ಆಗಿದೆ ನಿಜ, ಆದರೆ ಡೆಲಿವರಿ ಹುಡುಗನ ಮೊಬೈಲಿನ ನಕ್ಷೆ ಹತ್ತಿರದ ದಾರಿಯನ್ನೇ ತೋರಿಸುತ್ತದೆ, ಆ ದಾರಿಯಲ್ಲಿ ಗೇಟು ಬಿದ್ದಿದೆಯೋ ಎದ್ದಿದೆಯೋ ಅದಕ್ಕೆ ಗೊತ್ತಿಲ್ಲ. ಮಿರಜ್‌ನಿಂದ ಲೋಂಡಾ ಕಡೆ ಹೋಗುವ ಗಾಡಿಗಳು, ಆ ಕಡೆಯಿಂದ ಬರುವವು, ನಡುವೆ ಮುಗಿಯದ ಗೂಡ್ಸು. ಪಿಜ್ಜಾ ತಿನ್ನುವ ಹೊತ್ತೂ ಗಾಡಿ ಬರುವ ಹೊತ್ತೂ ಹೇಗೆ ಕೂಡಿ ಬರುತ್ತವೋ ದೇವರಿಗೇ ಗೊತ್ತು.

ಅಣ್ಣನ ಮಗನ ಹುಟ್ಟುಹಬ್ಬಕ್ಕೆ ದೊಡ್ಡ ಸೈಜಿನವನ್ನೇ ಆರ್ಡರ್ ಮಾಡಿದ್ದೆವು. ಕೇಕ್ ಕತ್ತರಿಸಿ ಆಗಿತ್ತು, ಹುಡುಗರು ತಟ್ಟೆ ಹಿಡಿದು ಕೂತಿದ್ದರು. ಫೋನ್ ಬಂತು. "ಮೇಡಂ, ಗೇಟ್ ಬಿದ್ದೈತ್ರಿ. ಗೂಡ್ಸ್ ಬರಾಕತ್ತೈತಿ, ಹೋದ ಕೂಡ್ಲೇ ಬರ್ತೀನ್ರಿ." ಗೂಡ್ಸ್ ಹೋಯಿತು, ಗೇಟು ಏಳಲಿಲ್ಲ. ಎದುರು ದಿಕ್ಕಿನಿಂದ ಇನ್ನೊಂದು ಗಾಡಿ ಇತ್ತಂತೆ. ಗೇಟು ಎದ್ದ ಮೇಲಾದರೂ ಏನು, ಎರಡೂ ಕಡೆಯ ಸ್ಕೂಟರುಗಳು ರಸ್ತೆಯ ಪೂರ್ತಿ ಅಗಲಕ್ಕೆ ಬಂದು ನಿಂತಿರುತ್ತವೆ. ಮುಖಾಮುಖಿಯಾಗಿ ಸಿಕ್ಕಿಕೊಂಡವರು ಬಿಡಿಸಿಕೊಳ್ಳಲು ಮತ್ತಷ್ಟು ಹೊತ್ತು.

ಪಿಜ್ಜಾ ತಣ್ಣಗಾಗಿತ್ತು ಅಂದುಕೊಂಡಿರಾ? ಇಲ್ಲ, ಬಿಸಿಯಾಗಿಯೇ ಇತ್ತು. ಕೆಟ್ಟಿದ್ದೇ ಅದರಿಂದ. ಹುಡುಗನ ಬೆನ್ನ ಮೇಲಿನ ದಪ್ಪ ಚೀಲ ಶಾಖವನ್ನು ಹಿಡಿದಿಡುವ ಹಾಗೆ ಹಬೆಯನ್ನೂ ಹಿಡಿದಿಡುತ್ತದೆ. ಟೊಮೆಟೊ ಸಾಸು, ಚೀಸು, ಬೇಸು ಮೂರರಲ್ಲೂ ನೀರಿನಂಶ ಇದೆ, ಅದು ಹಬೆಯಾಗಿ ಏಳುತ್ತಲೇ ಇರುತ್ತದೆ. ಡಬ್ಬಿಯ ಬದಿಗೆ ಕೊರೆದ ಸಣ್ಣ ಕಿಂಡಿಗಳು ಹೊರಗಿದ್ದಾಗ ಕೆಲಸ ಮಾಡುತ್ತವೆ, ಚೀಲದೊಳಗೆ ಹೋದ ಮೇಲೆ ಹಬೆ ಹೋಗುವುದಾದರೂ ಎಲ್ಲಿಗೆ? ಮುಚ್ಚಳ ತೆಗೆದಾಗ ಒಳಮೈಗೆ ಹನಿ ಕಟ್ಟಿತ್ತು, ರಟ್ಟು ಒದ್ದೆಯಾಗಿ ಉಬ್ಬಿತ್ತು. ಒಂದು ತುಂಡು ಎತ್ತಿದರೆ ಮೂತಿ ಜೋತುಬಿದ್ದು ಚೀಸೆಲ್ಲ ಒಂದೇ ಪದರವಾಗಿ ಜಾರಿ ತಟ್ಟೆಗೆ ಬಿತ್ತು. ಕೆಳಗಿನ ಭಾಗಕ್ಕೆ ರಟ್ಟಿನ ವಾಸನೆ ಹತ್ತಿತ್ತು.

ನಡುವೆ ಚುಚ್ಚಿರುತ್ತಾರಲ್ಲ, ಮೂರು ಕಾಲಿನ ಪ್ಲಾಸ್ಟಿಕ್ ಸ್ಟೂಲು? ಅದು ಹಬೆಗಾಗಿ ಇಟ್ಟದ್ದೆಂದು ನಾನು ಬಹಳ ದಿನ ತಿಳಿದಿದ್ದೆ. ಅದು ಮುಚ್ಚಳ ಕುಸಿದು ಚೀಸಿಗೆ ಅಂಟದಿರಲಿ ಎಂದು ಮಾತ್ರ. ನ್ಯೂಯಾರ್ಕ್ ರಾಜ್ಯದ ಕಾರ್ಮೆಲಾ ವಿಟಾಲೆ ಎಂಬ ಹೆಣ್ಣುಮಗಳಿಗೆ 1985ರಲ್ಲಿ ಅದರ ಪೇಟೆಂಟ್ ಸಿಕ್ಕಿತ್ತು. ನಮ್ಮ ಮನೆಯಲ್ಲಿ ಗೊಂಬೆಗಳ ಊಟದ ಟೇಬಲ್ ಆಗಿ ಅವು ಒಳ್ಳೆಯ ಸೇವೆ ಸಲ್ಲಿಸುತ್ತಿವೆ. ದೂರು ಕೊಟ್ಟಿದ್ದಕ್ಕೆ ಕಂಪನಿಯವರು ಮುಂದಿನ ಆರ್ಡರಿಗೆ ಕೂಪನ್ ಕೊಟ್ಟರು. ಮುಂದಿನದೂ ಅದೇ ಗೇಟು ದಾಟಿಯೇ ಬರಬೇಕಲ್ಲ! ಹುಡುಗನ ಮೇಲೆ ಸಿಟ್ಟಿಲ್ಲ, ಅವನು ಗೇಟಿನ ಬಳಿ ವಾಹನಗಳ ಹೊಗೆ ಕುಡಿಯುತ್ತ ನಿಂತಿದ್ದ.

ಇಂಥದ್ದು ಕೈಗೆ ಬಂದರೆ ಮೈಕ್ರೋವೇವಿಗೆ ಇಡಬೇಡಿ, ಬೇಸು ರಬ್ಬರಾಗುತ್ತದೆ. ದಪ್ಪ ತವೆ ಕಾಯಿಸಿ, ಸಣ್ಣ ಉರಿಯಲ್ಲಿ ತುಂಡುಗಳನ್ನು ಮುಚ್ಚದೆ ಇಡಿ. ತಳ ಗರಿಗರಿ ಆದ ಮೇಲೆ ಕೊನೆಯ ಅರ್ಧ ನಿಮಿಷ ಮುಚ್ಚಿದರೆ ಚೀಸ್ ಮತ್ತೆ ಕರಗುತ್ತದೆ. ಮೊದಲೇ ಮುಚ್ಚಿದರೆ ಮತ್ತದೇ ಹಬೆ.

ಬೇಕರಿ ಪಿಜ್ಜಾವನ್ನು ನಾನು ಪಿಜ್ಜಾದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಬಿಡುವುದೂ ಇಲ್ಲ. ಪಾವಿನ ಹಿಟ್ಟಿನ ಸಿಹಿ ಬೇಸು, ಮೇಲೆ ಕೆಚಪ್, ಕ್ಯಾಬೇಜು, ಢಬ್ಬು ಮೆಣಸಿನಕಾಯಿ, ತುರಿದ ಚೀಸು. ಎಪ್ಪತ್ತು ರೂಪಾಯಿಗೆ ಹೊಟ್ಟೆ ತುಂಬುತ್ತದೆ. ಕ್ಯಾಂಪ್ ಕಡೆ ಹೋದಾಗ ನಿಂತಲ್ಲೇ ತಿಂದು ಬರುವ ಚಟ ಕಾಲೇಜಿನಿಂದ ಬಂದದ್ದು. ಮನೆಗೆ ಕಟ್ಟಿಸಿಕೊಂಡು ಬರುವಂಥದ್ದಲ್ಲ.

ಕಟ್ಟಿಗೆ ಒಲೆಯ ಕೆಫೆಯದು ಬೇರೆಯೇ ಕತೆ. ಒಳ್ಳೆಯ ಪಿಜ್ಜಾ, ಅದರಲ್ಲಿ ಅನುಮಾನವಿಲ್ಲ. ಅವರು ಹಿಡಿದಿರುವುದು ಇಟಲಿಯ ನೇಪಲ್ಸ್ ಊರಿನ ಶೈಲಿ: ಸುಮಾರು 450 ಡಿಗ್ರಿ ಸೆಲ್ಸಿಯಸ್ ಕಾವು, ಒಂದು ಒಂದೂವರೆ ನಿಮಿಷದಲ್ಲಿ ಬೇಯಬೇಕು. ಆ ಊರಿನವರು 1984ರಲ್ಲಿ ಸಂಘ ಕಟ್ಟಿ ನಿಯಮಗಳನ್ನೇ ಬರೆದಿಟ್ಟಿದ್ದಾರೆ, 2017ರಲ್ಲಿ ಆ ಕಲೆ ಯುನೆಸ್ಕೋ ಪಟ್ಟಿಗೂ ಸೇರಿತು. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ, ನಡುವೆ ಮೆತ್ತಗೆ, ತುಸು ನೀರುನೀರು. ನಮ್ಮ ಅತ್ತೆಯವರು ಒಂದು ತುಂಡು ಎತ್ತಿ ತಿರುವಿ ನೋಡಿ, "ಅಂಚಿಗೆ ಹೊತ್ತೈತಿ, ನಡುವ ಹಸಿ ಐತಿ, ಇದಕ್ಕ ನಾನೂರು ರೂಪಾಯಿ ಏನವಾ?" ಅಂದರು. ಜೋಳದ ರೊಟ್ಟಿಗೆ ಅಂಥದೇ ಕಪ್ಪು ಚುಕ್ಕೆ ಬಿದ್ದರೆ ಅವರೇ ಹುಡುಕಿ ತಿನ್ನುತ್ತಾರೆ. ನನಗೆ ರುಚಿ ಹಿಡಿಸಿತು, ಬಿಲ್ಲು ಹಿಡಿಸಲಿಲ್ಲ. ನಾಲ್ವರು ಹೋಗಿ ಕುಡಿಯಲು ಏನಾದರೂ ತೆಗೆದುಕೊಂಡರೆ ಎರಡು ಸಾವಿರ ಮುಟ್ಟುತ್ತದೆ. ಪಾರ್ಸೆಲ್ಲಂತೂ ಬೇಡವೇ ಬೇಡ, ಅಷ್ಟು ತೆಳುವಾದದ್ದು ಡಬ್ಬಿಯಲ್ಲಿ ಹತ್ತು ನಿಮಿಷವೂ ತಾಳದು.

ಮನೆಯಲ್ಲೇ ಮಾಡುವುದು ಇನ್ನೊಂದು ದಾರಿ. ಉದ್ಯಮಬಾಗದಲ್ಲಿ ಕೆಲಸ ಮಾಡುವ ನಮ್ಮವರು ಮನೆಯ ಓಟಿಜಿ (ಕರೆಂಟಿನ ಸಣ್ಣ ಓವನ್) ಅಳತೆಗೆ ದಪ್ಪ ಉಕ್ಕಿನ ತಗಡು ಕತ್ತರಿಸಿ ತಂದುಕೊಟ್ಟರು. ಓಟಿಜಿ 250 ಡಿಗ್ರಿಗಿಂತ ಮೇಲೆ ಹೋಗದಿದ್ದರೂ ಉಕ್ಕು ಶಾಖವನ್ನು ಬೇಗ ದಾಟಿಸುವುದರಿಂದ ತಳ ಚೆನ್ನಾಗಿ ಬೇಯುತ್ತದೆ. ಆದರೆ ತಗಡು ಕಾಯಲು ಮುಕ್ಕಾಲು ಗಂಟೆ ಬೇಕು, ಒಮ್ಮೆಗೆ ಒಂದೇ ಪಿಜ್ಜಾ. ಕೊನೆಯವರು ತಿನ್ನುವಾಗ ಮೊದಲಿನವರು ಕೈ ತೊಳೆದು ಟೀವಿ ಮುಂದೆ ಕೂತಿರುತ್ತಾರೆ.

ಇನ್ನು ಅನಗೋಳದ ಅಂಗಡಿ. ಅವರು ಹಿಟ್ಟನ್ನು ಹಿಂದಿನ ದಿನ ಸಂಜೆಯೇ ಕಲಸಿ ಫ್ರಿಜ್ಜಿನಲ್ಲಿಡುತ್ತಾರೆ. ತಂಪಿನಲ್ಲಿ ನಿಧಾನ ಹುದುಗುವುದರಿಂದ ಬೇಸಿಗೆ ತನ್ನದೇ ರುಚಿ ಬರುತ್ತದೆ, ಈಸ್ಟಿನ ಘಾಟು ಇರುವುದಿಲ್ಲ. ಅಂಚು ಮುರಿದು ನೋಡಿದರೆ ಒಳಗೆ ಸಣ್ಣದು ದೊಡ್ಡದು ಕೂಡಿದ ತೂತುಗಳು. ಲಟ್ಟಣಿಗೆ ಮುಟ್ಟಿಸುವುದಿಲ್ಲ, ಆ ಅಕ್ಕ ಬೆರಳ ತುದಿಯಿಂದಲೇ ತಟ್ಟಿ ಅಗಲ ಮಾಡುತ್ತಾರೆ. ಸಾಸು ತೆಳ್ಳಗೆ, ಚೀಸು ಹಿಡಿತದಲ್ಲಿ. "ಭಾಳ ಹಾಕಿದ್ರ ನೀರ್ ಬಿಡತೈತ್ರಿ" ಎಂದು ಎಕ್ಸ್‌ಟ್ರಾ ಚೀಸ್ ಕೇಳಿದವರಿಗೇ ತಿಳಿ ಹೇಳುತ್ತಾರೆ. ವ್ಯಾಪಾರ ಮಾಡುವವರು ಹೀಗೆ ಹೇಳುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕೊರತೆ ಇಲ್ಲವೆಂದಲ್ಲ. ಅಣಬೆ ಡಬ್ಬಿಯದು, ತೆಗೆದುಕೊಳ್ಳಬೇಡಿ. ಹಣ ಬಂದಾಗ ಕೂಗುವ ಸ್ಪೀಕರಿನ ಸದ್ದಿಗೆ ಮಾತು ಕೇಳಿಸುವುದಿಲ್ಲ. ಓವನ್ ಸಣ್ಣದು, ಎರಡೆರಡೇ ಬೇಯುತ್ತವೆ. ಮನೆ ಮನೆಗೆ ಮುಟ್ಟಿಸುವುದಿಲ್ಲ, ನಾವೇ ಹೋಗಬೇಕು.

ನನಗೆ ಅದೇ ಅನುಕೂಲ. ಹೇಗೂ ಸಂಜೆ ವಾಕಿಂಗ್ ಆ ಕಡೆಗೇ, ನಡುವೆ ಯಾವ ಗೇಟೂ ಇಲ್ಲ. ಡಬ್ಬಿ ಬೇಡವೆಂದು ಮನೆಯಿಂದ ಬಿದಿರಿನ ರೊಟ್ಟಿ ಬುಟ್ಟಿ ಒಯ್ಯುತ್ತೇನೆ, ತಳಕ್ಕೆ ಹಳೆಯ ಹತ್ತಿ ಬಟ್ಟೆ. ಹಬೆ ಬುಟ್ಟಿಯ ಸಂದಿಯಿಂದ ಹೋಗುತ್ತದೆ, ಉಳಿದದ್ದನ್ನು ಬಟ್ಟೆ ಹೀರುತ್ತದೆ, ಮನೆಗೆ ಬಂದಾಗಲೂ ತುಂಡು ಸೆಟೆದು ನಿಲ್ಲುತ್ತದೆ. ಮೊದಲ ಸಲ ಅಂಗಡಿಯವರು ನಕ್ಕರು, ಈಗ ನನ್ನನ್ನು ಕಂಡರೆ "ಬುಟ್ಟಿ ಅಕ್ಕಾರು ಬಂದ್ರು" ಅನ್ನುತ್ತಾರೆ. ಮಧ್ಯಮ ಸೈಜಿನ ಎರಡು ತಂದರೆ ಮುನ್ನೂರೈವತ್ತರೊಳಗೆ ನಮ್ಮ ನಾಲ್ವರ ರಾತ್ರಿ ಊಟ ಆಗುತ್ತದೆ. ಕಂಪನಿಯದಕ್ಕೆ ಡೆಲಿವರಿ, ಪ್ಯಾಕಿಂಗ್, ತೆರಿಗೆ ಸೇರಿ ಇದರ ಎರಡು ಪಟ್ಟು.

ನಿಮ್ಮ ಮನೆ ಕ್ಯಾಂಪ್ ಕಡೆ ಇದ್ದು ಕಂಪನಿ ಅಂಗಡಿ ನಡೆದು ಹೋಗುವಷ್ಟು ಹತ್ತಿರವಿದ್ದರೆ ನನ್ನ ಅರ್ಧ ತಕರಾರು ನಿಮಗೆ ಅನ್ವಯಿಸುವುದಿಲ್ಲ. ರಾತ್ರಿ ಹತ್ತರ ಮೇಲೆ ನೆಂಟರು ಬಂದರೆ ನಾವೂ ಅದನ್ನೇ ತರಿಸುವುದು, ತವೆ ಮೊದಲೇ ಒಲೆ ಮೇಲಿಟ್ಟಿರುತ್ತೇವೆ. ಅನಗೋಳದವರಿಗೆ ಸೋಮವಾರ ರಜೆ. ಉಳಿದ ದಿನ ಎಂಟರೊಳಗೆ ಹೋಗಿ, ಕಲಸಿಟ್ಟ ಹಿಟ್ಟು ತೀರಿದರೆ ಅವತ್ತಿಗೆ ಬಾಗಿಲು ಹಾಕಿಬಿಡುತ್ತಾರೆ.