ಸಿಗಡಿ ರಫ್ತು ಮಾಡೋರೇ, ರಿಪೋರ್ಟಿನ ‘ಎನ್‌ಡಿ’ ನಂಬಿ ಕಂಟೇನರ್ ತುಂಬಬೇಡಿ

ಯುರೋಪ್‌ಗೆ ಮಾಲು ಕಳಿಸೋರು ಇದನ್ನ ಓದಿ ಆಮೇಲೆ ಸಪ್ಲೈಯರ್‌ಗೆ ಅಡ್ವಾನ್ಸ್ ಕೊಡಿ. ನಮ್ಮ ಇಡೀ ಕಂಟೇನರ್ ಅಲ್ಲಿನ ಬಂದರಿನಲ್ಲೇ ಸಿಕ್ಕಿಬಿತ್ತು. ಸಿಕ್ಕಿದ್ದು ಎಒಜೆಡ್, 0.7 ಪಿಪಿಬಿ (ನೂರು ಕೋಟಿ ಭಾಗದಲ್ಲಿ 0.7 ಭಾಗ). ನೈಟ್ರೋಫ್ಯೂರಾನ್ ಗುಂಪಿನ ಫ್ಯೂರಾಜೋಲಿಡೋನ್ ಅನ್ನೋ ನಿಷೇಧಿತ ಔಷಧದ ಉಳಿಕೆ ಅದು.

ಸಪ್ಲೈಯರ್ ಕೊಟ್ಟ ರಿಪೋರ್ಟಿನಲ್ಲಿ ನೈಟ್ರೋಫ್ಯೂರಾನ್‌ನ ನಾಲ್ಕು ಮೆಟಬಾಲೈಟ್ (ಔಷಧ ಒಡೆದು ಉಳಿಯೋ ಅಂಶ) ಮುಂದೆ ‘ಎನ್‌ಡಿ’, ಪತ್ತೆಯಾಗಿಲ್ಲ. ಸೀಲು, ಸಹಿ ಎಲ್ಲಾ ಇತ್ತು. ಮಾಲು ರಿಜೆಕ್ಟ್ ಅಂದಮೇಲೆ ಅದೇ ಹಾಳೆ ಮತ್ತೆ ತೆಗೆದು ನೋಡಿದರೆ, ಟೇಬಲ್ಲಿನ ಕೊನೇ ಕಾಲಮ್ಮಿನಲ್ಲಿ ಇರುವೆ ಗಾತ್ರದ ಅಕ್ಷರ: ಎಲ್‌ಒಡಿ (ಪರೀಕ್ಷೆ ಪತ್ತೆ ಹಚ್ಚಬಲ್ಲ ಕನಿಷ್ಠ ಪ್ರಮಾಣ) 1.0. ಒಂದಕ್ಕಿಂತ ಕಡಿಮೆ ಇದ್ದರೆ ಆ ಪರೀಕ್ಷೆಗೆ ಕಾಣೋದೇ ಇಲ್ಲ! ಯುರೋಪ್ ಮಿತಿ 1.0 ಇದ್ದದ್ದು ಹಿಂದೆ. 2019/1871 ನಿಯಮದ ಪ್ರಕಾರ 2022ರ ನವೆಂಬರ್ 28ರಿಂದ ಅದು 0.5. ಕ್ಲೋರಾಂಫೆನಿಕಾಲ್ ಅನ್ನೋ ಇನ್ನೊಂದು ನಿಷೇಧಿತ ಔಷಧದ ಮಿತಿ ಕೂಡ 0.3ರಿಂದ 0.15ಕ್ಕೆ ಇಳಿದಿದೆ. ಇದೆಲ್ಲ ಗೊತ್ತಿದ್ದೂ ಆ ಕಾಲಮ್ ನೋಡಲಿಲ್ಲ. ನಾಚಿಕೆ ಆಗೋದೇ ಅದಕ್ಕೆ.

ಸಪ್ಲೈಯರ್ ಉತ್ತರ ಕೇಳಿ. “ಎನ್‌ಡಿ ಅಂದ್ರೆ ಇಲ್ಲ ಅಂತ ತಾನೇ ಸರ್?” ರಿಪೋರ್ಟಿನ ಲಾಟ್ ನಂಬರೇ ಬೇರೆ, ಕಾರ್ಟನ್ ಮೇಲಿದ್ದದ್ದೇ ಬೇರೆ ಅಂದರೆ, “ಎಲ್ಲಾ ಒಂದೇ ಮಾಲು ಸರ್.” ಕೊನೆಗೆ, “ವಾಪಸ್ ತರಿಸಿ, ಚೆನ್ನಾಗಿ ತೊಳೆದು ರೀಪ್ಯಾಕ್ ಮಾಡೋಣ.” ತೊಳೀತಾರಂತೆ! ಮೂಲ ಔಷಧ ಬೇಗ ಮಾಯವಾಗುತ್ತೆ, ಉಳಿಕೆ ಮಾತ್ರ ಮಾಂಸದ ಪ್ರೋಟೀನಿಗೇ ಅಂಟಿ ವಾರಗಟ್ಟಲೆ ಇರುತ್ತೆ. ಫ್ರೀಜ್ ಮಾಡಿ, ಬೇಯಿಸಿ, ಹೋಗಲ್ಲ. ಮುಂದಿನ ಕಂಟೇನರ್‌ಗಳಿಗೂ ಬಿಗಿ ತಪಾಸಣೆ ಬಿತ್ತು. ದಾಖಲೆಯಲ್ಲಿರೋ ಪ್ಲಾಂಟ್ ನಂಬರ್ ನಮ್ಮದು, ಅವರದ್ದಲ್ಲವಲ್ಲ.

ಸ್ಯಾಂಪಲ್ ನೀವೇ ತೆಗೀರಿ, ಅವರು ಕಟ್ಟಿಕೊಟ್ಟ ಪೊಟ್ಟಣ ಬೇಡ. ಪ್ರತಿ ಕೊಳದ್ದೂ ಬೇರೆಬೇರೆ ಮಾಡಿಸಿ. ಐದು ಕೊಳದ್ದು ಸಮವಾಗಿ ಬೆರೆಸಿದರೆ, ಉಳಿದ ನಾಲ್ಕು ಕ್ಲೀನ್ ಇದ್ದಾಗ ಒಂದು ಕೊಳದ 2 ಪಿಪಿಬಿ ಕೂಡ 0.4 ಆಗಿ ಪಾಸಾಗುತ್ತೆ, ಅವರಿಗೆ ಬೇಕಿರೋದೂ ಅದೇ. ಎಲೈಸಾ ಅನ್ನೋ ಬೇಗದ ಪರೀಕ್ಷೆ ಬರೀ ಅನುಮಾನದ ಮಾಲು ಸೋಸೋಕೆ, ಖಚಿತಕ್ಕೆ ಎಲ್‌ಸಿ-ಎಂಎಸ್/ಎಂಎಸ್ ಯಂತ್ರದ ಪರೀಕ್ಷೆ. ಚಿಪ್ಪು ಸುಲಿದು ಮಾಂಸ ಮಾತ್ರ ಲ್ಯಾಬ್‌ಗೆ ಕೊಡಿ. ಕೆಲವು ಜಾತಿ ಸಿಗಡಿಯ ಚಿಪ್ಪಿನಲ್ಲಿ ಎಸ್‌ಇಎಂ (ಆ ನಾಲ್ಕು ಮೆಟಬಾಲೈಟ್‌ಗಳಲ್ಲಿ ಒಂದು) ಸಹಜವಾಗೇ ಇರುತ್ತೆ, ಸುಮ್ಮನೆ ಫೇಲ್ ಆಗ್ತೀರಿ. ‘ಎನ್‌ಡಿ’ಗಿಂತ ಮೊದಲು ಪಕ್ಕದ ಅಂಕಿ ನೋಡಿ.

ಮೊನ್ನೆ ಮತ್ತೆ ಮೆಸೇಜ್: “ಹೊಸ ಲಾಟ್ ರೆಡಿ ಸರ್, ರಿಪೋರ್ಟ್ ಕ್ಲೀನ್.” ಎಲ್‌ಒಡಿ ಎಷ್ಟು ಅಂತ ಕೇಳಿದ್ದಕ್ಕೆ ಎರಡು ನೀಲಿ ಟಿಕ್, ಅಷ್ಟೇ.