ನಮ್ಮ ಚರ್ಚಿನ ಹಾರ್ಮೋನಿಯಂ ರಿಪೇರಿ: ತುಮಕೂರು ಚಿಕ್ಕಪೇಟೆಯ ಒಂದು ಅಂಗಡಿ

ನಮ್ಮ ಚರ್ಚಿಗೆ ಕೀಬೋರ್ಡ್ ಬಂದ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಒಂಬತ್ತು ವರ್ಷ ಬೀರುವಿನ ಮೇಲೇ ಕೂತಿತ್ತು. ತಿದಿಯ ಬಟ್ಟೆಯನ್ನು ಇಲಿ ಕಡಿದಿತ್ತು. ಮೂರು ಸ್ವರ ಸತ್ತೇ ಹೋಗಿದ್ದವು. ಬೆಂಗಳೂರಿನಲ್ಲಿ ಒಂದು ಕಡೆ ಕೊಟ್ಟಿದ್ದೆವು. ಅವರು ತೂತಿಗೆ ಸುಮ್ನೆ ಟೇಪ್ ಅಂಟಿಸಿ ದುಡ್ಡು ತಗೊಂಡರು. ಎರಡೇ ಭಾನುವಾರಕ್ಕೆ ಟೇಪ್ ಕಿತ್ತು ಬಂತು.

ಮತ್ತೆ ಅದನ್ನು ಇಳಿಸಲು ಕಾರಣ ನಮ್ಮ ಸಭೆ, ಅಂದರೆ ಆರಾಧನೆಗೆ ಕೂಡುವ ಜನ. ನಾನು ಕ್ವೈರ್ ನೋಡಿಕೊಳ್ಳುತ್ತೇನೆ. ಹುಡುಗರು ಯೂಟ್ಯೂಬಿನಲ್ಲಿ ಕೇಳಿದ ಆರಾಧನೆ ಹಾಡನ್ನು ಅದೇ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾರೆ. ರೆಕಾರ್ಡಿಂಗಿನಲ್ಲಿ ಹಾಡಿದವರದ್ದು ತಯಾರಾದ ಗಂಟಲು. ನಮ್ಮ ಹಿಂದಿನ ಬೆಂಚಿನ ಅಣ್ಣಂದಿರು ಪಲ್ಲವಿಗೆ ಬಾಯಿ ತೆರೆದು, ಚರಣ ಮೇಲಕ್ಕೆ ಹೋಗುತ್ತಿದ್ದ ಹಾಗೆ ಸುಮ್ಮನಾಗುತ್ತಿದ್ದರು. ಡ್ರಮ್ ಸದ್ದಿನಲ್ಲಿ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೀಬೋರ್ಡಿನಲ್ಲೂ ಶ್ರುತಿ ಇಳಿಸುವ ಗುಂಡಿ ಇದೆ, ಒತ್ತಬಹುದು. ಆದರೆ ಸ್ಪೀಕರ್ ಸದ್ದಿಗೆ ಪಕ್ಕದವರ ದನಿಯೇ ಕೇಳಿಸದಿದ್ದರೆ ಜನ ಹೇಗೆ ಹಾಡುತ್ತಾರೆ?

ಚಿಕ್ಕಪೇಟೆಯ ಗಲ್ಲಿಯಲ್ಲಿರುವ ಈ ಅಂಗಡಿಗೆ ಬೋರ್ಡ್ ಇಲ್ಲ. ಹಾರ್ಮೋನಿಯಂ ರಿಪೇರಿ ಅಂತ ಕೇಳಿದರೆ ತೋರಿಸುತ್ತಾರೆ. ಒಳಗೆ ನಾಲ್ಕೈದು ಪೆಟ್ಟಿಗೆ ಇದ್ದವು, ಹೆಚ್ಚಿನವು ಹಳ್ಳಿಯ ಪೌರಾಣಿಕ ನಾಟಕದವರದ್ದು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು, ಹಾರ್ಮೋನಿಯಂ ಮೇಷ್ಟ್ರಿಗೆ ಇಲ್ಲಿ ಇನ್ನೂ ಮರ್ಯಾದೆ ಇದೆ.

ಯಜಮಾನರು ಪೆಟ್ಟಿಗೆ ಬಿಚ್ಚುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ.

"ಇದರ ಜೊತೆ ಹಾಡೋರು ಯಾರಮ್ಮ?"

"ಇಡೀ ಸಭೆ ಹಾಡುತ್ತೆ ಅಣ್ಣ, ನೂರು ಜನ."

"ನಾಟಕದಲ್ಲಿ ಹಾಡೋನು ಒಬ್ಬ. ಪೆಟ್ಟಿಗೆ ಊರಾಚೆಗೂ ಕೇಳಬೇಕು. ನಿಮ್ಮಲ್ಲಿ ಹಾಗಲ್ಲ, ಜನರ ದನಿ ಮೇಲಿರಬೇಕು, ಪೆಟ್ಟಿಗೆ ಕೆಳಗಿರಬೇಕು."

ನನಗೆ ಅಲ್ಲೇ ಸಮಾಧಾನ ಆಯಿತು. ಮೂರು ವರ್ಷದಿಂದ ಕಮಿಟಿಗೆ ನಾನು ಹೇಳಲು ಒದ್ದಾಡುತ್ತಿದ್ದ ಮಾತು ಇದೇ ಅಲ್ವಾ?

ಕೆಲಸವನ್ನು ಹತ್ತಿರ ಕೂತು ನೋಡಿದೆ. ಗಾಳಿಗೆ ನಾಲಿಗೆ ಅದುರಿ ಸ್ವರ ಹೊರಡಿಸುವ ಹಿತ್ತಾಳೆ ರೀಡುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಒಂದೊಂದನ್ನೂ ಉಗುರಿನಿಂದ ಮೀಟಿ ಕಿವಿ ಕೊಟ್ಟರು. ನಾಲಿಗೆಯ ಅಡಿಗೆ ತೆಳು ತಗಡು ತೂರಿಸಿ, ಚಿಕ್ಕ ಅರದಿಂದ ಎರಡೇ ಸಲ ಉಜ್ಜಿದರು. ತುದಿಯಲ್ಲಿ ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ನಾಲಿಗೆ ಜಾಸ್ತಿ ಎದ್ದಿದ್ದರೆ ಗಾಳಿ ಜಾಸ್ತಿ ಬೇಕು, ಆಗ ಜೋರಾಗಿಯೇ ನುಡಿಸಬೇಕಾಗುತ್ತದೆ. ನಮಗೆ ಮೆಲ್ಲಗೆ ಒತ್ತಿದರೂ ನುಡಿಯುವ ಹಾಗೆ ತಗ್ಗಿಸಿಕೊಟ್ಟರು. ಕೊನೆಗೆ ಮೊಬೈಲಿನ ಟ್ಯೂನರ್ ಇಟ್ಟು ಕೀಬೋರ್ಡಿಗೂ ಇರುವ 440 ಹರ್ಟ್ಸ್ ಅಳತೆಗೆ ಸರಿ ಇದೆಯಾ ಅಂತ ನೋಡಿದರು. ಕೀಬೋರ್ಡ್ ಜೊತೆ ನುಡಿಸಿದರೂ ಅಪಸ್ವರ ಬರಬಾರದಲ್ಲ.

ಹಾರ್ಮೋನಿಯಂ ಹಳೇ ಕಾಲದ್ದು ಅಂತ ನಮ್ಮ ಹುಡುಗರ ವಾದ. ನೆಲದ ಮೇಲೆ ಕೂತು ಕೈಯಲ್ಲಿ ಗಾಳಿ ಒತ್ತುವ ಈ ಪೆಟ್ಟಿಗೆಯನ್ನು ಕಲ್ಕತ್ತಾದ ದ್ವಾರಕಾನಾಥ ಘೋಷ್ ಮಾಡಿದ್ದು 1875ರ ಸುಮಾರಿಗೆ. ಸ್ವರವನ್ನು ತೂಗಿ ಜಾರಿಸುವ ಗಮಕ ಬರುವುದಿಲ್ಲ ಅನ್ನುವುದು ಇದರ ಮೇಲಿದ್ದ ದೊಡ್ಡ ದೂರು. ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಇದಕ್ಕೆ ಜಾಗವೇ ಇರಲಿಲ್ಲ. ಆದರೆ ಸಭೆಗೆ ಬೇಕಾದ್ದು ಗಮಕ ಅಲ್ಲ. ಅಲುಗಾಡದೆ ನಿಂತ ಒಂದು ಷಡ್ಜ, ಅಂದರೆ ಆಧಾರದ ಸ ಸ್ವರ ಬೇಕು, ಅಷ್ಟೇ. ಅದು ಸಿಕ್ಕರೆ ಸಂಗೀತ ಕಲಿಯದ ಅಜ್ಜಿಯೂ ಸೇರಿಕೊಳ್ಳುತ್ತಾಳೆ.

ಈಗ ದೂರು. ಐದು ದಿನ ಅಂದವರು ಹನ್ನೆರಡು ದಿನ ತೆಗೆದುಕೊಂಡರು. ಶಿವರಾತ್ರಿ ಹೊತ್ತಿಗೆ ಜಾತ್ರೆ, ನಾಟಕ ಎಲ್ಲಾ ಒಟ್ಟಿಗೆ ಬರುತ್ತವೆ, ಈಸ್ಟರ್‌ಗೆ ಮುಂಚಿನ ನಮ್ಮ ಲೆಂಟ್ ದಿನಗಳೂ ಆಗಲೇ. ಫೋನ್ ಎತ್ತಲಿಲ್ಲ. ಎರಡು ಸಲ ಸುಮ್ನೆ ಬಂದು ಹೋದೆ. ಬಿಲ್ಲೂ ಕೊಡುವುದಿಲ್ಲ. ಕಮಿಟಿಗೆ ಲೆಕ್ಕ ತೋರಿಸಲು ಚೀಟಿ ಬರೆಸಿಕೊಳ್ಳಬೇಕಾಯಿತು. ಹೊಸ ತಿದಿ ಬಟ್ಟೆ, ಮೂರು ಹೊಸ ರೀಡು, ಶ್ರುತಿ ಎಲ್ಲಾ ಸೇರಿ 3,800 ರೂಪಾಯಿ. ಕೆಲಸ ನೋಡಿದರೆ ಜಾಸ್ತಿ ಅಲ್ಲ.

ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗಿನ ಆರಾಧನೆಗೆ ಕೀಬೋರ್ಡ್, ಡ್ರಮ್ ಬೇಡ ಅಂತ ನಮ್ಮ ಪಾಸ್ಟರ್ ಅಯ್ಯನವರನ್ನು ಕೇಳಿಕೊಂಡೆ. ಒಪ್ಪಿದರು. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ನಡುವೆ ಹಳೆಯ ಕೀರ್ತನೆಗಳನ್ನೇ ಇಟ್ಟುಕೊಂಡೆವು. ಬಿಳಿ ಒಂದರಲ್ಲಿ (ಕೀಬೋರ್ಡಿನ C) ಶ್ರುತಿ ಹಿಡಿದೆ, ಮಾಮೂಲಿಗಿಂತ ಎರಡು ಮನೆ, ಅಂದರೆ ಎರಡು ಕೀ ಕೆಳಗೆ. ಮೂರನೇ ಮಾತಿನ ಹಾಡಿಗೆ ಹಿಂದಿನ ಬೆಂಚಿನಿಂದ ಗಂಡಸರ ದಪ್ಪ ದನಿ ಎದ್ದು ಬಂತು. ನನ್ನ ಕೈ ತಾನಾಗಿ ಮೆಲ್ಲಗಾಯಿತು. ಕೊನೆಯ ಚರಣಕ್ಕೆ ತಿದಿ ಬಿಟ್ಟೇಬಿಟ್ಟೆ. ಸಭೆ ಶ್ರುತಿ ಬಿಡಲಿಲ್ಲ. ಹಾಡು ಮುಗಿದ ಮೇಲೆ ಷಡ್ಜ ಒತ್ತಿ ನೋಡಿದೆ, ಅಲ್ಲೇ ಇದ್ದರು.

ಮಂದ್ರದ ಒಂದು ಮನೆ ಇನ್ನೂ ಸ್ವಲ್ಪ ಅಂಟುತ್ತದೆ. ಮಳೆಗಾಲಕ್ಕೆ ಮುಂಚೆ ತನ್ನಿ, ದುಡ್ಡಿಲ್ಲದೆ ಸರಿ ಮಾಡ್ತೀನಿ ಅಂದಿದ್ದಾರೆ. ನೀವು ಹೋಗುವುದಾದರೆ ಶಿವರಾತ್ರಿಗೆ ಒಂದು ತಿಂಗಳು ಮುಂಚೆಯೇ ಹೋಗಿ. ಪೆಟ್ಟಿಗೆಯನ್ನು ಬೈಕಿನ ಮೇಲೆ ಒಯ್ಯಬೇಡಿ, ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಳ್ಳಿ.